ದೊಡ್ಡಮ್ಮನ ಹಣೆ

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಕಪ್ಪು ಬಿಳುಪು ಫೋಟೋ ಎಲ್ಲಿ ಕಂಡರೂ ನನಗೆ ಹೇಸಿಗೆಯಾಗುತ್ತದೆ. ಮಸಿ ಬಳಿದಂಥ ಆಕಾಶ, ಅದರ ಮುಂದೆ ಒಬ್ಬ ಮುದುಕನ ಇಲ್ಲವೇ ಮುದುಕಿಯ ಮುಖ, ಮುಖದ ತುಂಬ ಸುಕ್ಕು, ಕಣ್ಣಿನ ಗುಳಿಯಲ್ಲಿ ಕತ್ತಲೆ. ಕೆಳಗೊಂದು ಹೆಸರು: ಬದುಕು, ನಿರೀಕ್ಷೆ, ಮುಸ್ಸಂಜೆ. ನಡು ಮಧ್ಯಾಹ್ನ ತೆಗೆದ ಫೋಟೋಗೆ ಮುಸ್ಸಂಜೆ ಎಂದು ನಾಚಿಕೆಯಿಲ್ಲದೆ ಹೆಸರಿಡುವವರನ್ನು ನಾನು ಹತ್ತಿರದಿಂದ ಕಂಡವಳು. ಅವರ ಜೊತೆ ಕೂತು ಟೀ ಕುಡಿದವಳು.

ಎರಡು ಸಾವಿರದ ಇಸವಿ ಕಳೆದ ಹೊಸದು. ರಾಜಾಜಿನಗರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನಮ್ಮ ಫೋಟೋ ಕ್ಲಬ್ಬಿತ್ತು. ಕೆಳಗೆ ರಾಗಿ ಬೀಸುವ ಸದ್ದು, ಮೇಲೆ ನಮ್ಮ ಕಲಾಚರ್ಚೆ. ಡಿಜಿಟಲ್ ಕ್ಯಾಮೆರಾಗಳು ಆಗಲೇ ಅಂಗಡಿಯ ಗಾಜಿನ ಕಪಾಟಿಗೆ ಬಂದು ಕೂತಿದ್ದವು. ನಮ್ಮ ಕ್ಲಬ್ಬಿನಲ್ಲಿ ಮಾತ್ರ ಅವುಗಳ ಹೆಸರೆತ್ತಿದರೆ ಮಡಿ ಕೆಟ್ಟಂತೆ. ಅಲ್ಲಿನ ಹಿರಿಯರು ಒಂದು ಕಾರ್ಖಾನೆಯಿಂದ ನಿವೃತ್ತರಾದವರು, ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು. ಮೈತುಂಬ ಜೇಬಿನ ಕೋಟು, ಜೇಬಿನ ತುಂಬ ಫಿಲ್ಮ್ ರೋಲುಗಳು, ಬಾಯಿತುಂಬ ಉಪದೇಶ.

"ಬಣ್ಣ ಅನ್ನೋದೇ ಸುಳ್ಳು ಕಣಮ್ಮ. ಸತ್ಯ ಇರೋದು ಕಪ್ಪು ಬಿಳುಪಲ್ಲಿ ಮಾತ್ರ" ಎಂದು ಅವರು ಮೊದಲ ದಿನವೇ ನನಗೆ ಹೇಳಿದ್ದರು. ನಾನು ಕಣ್ಣರಳಿಸಿ ಕೇಳಿಸಿಕೊಂಡಿದ್ದೆ.

ಎಲ್ಲ ಕಡೆಯೂ ಫೋಟೋ ತೆಗೆಯುವವರು ಬೆಳಗಿನ ಎಳೆ ಬಿಸಿಲು, ಸಂಜೆಯ ಹೊಂಬಿಸಿಲು ಎಂದು ಬಡಿದಾಡಿದರೆ ನಮ್ಮ ಗುರುಗಳದ್ದು ಉಲ್ಟಾ ಸಂಪ್ರದಾಯ. ಸೂರ್ಯ ನೆತ್ತಿಗೆ ಬರಬೇಕು, ನೆಲ ಕಾಯಬೇಕು, ನೆರಳು ಕಾಲಡಿಗೆ ಸೇರಬೇಕು. ಆಮೇಲೆ ಅವರು ಲೆನ್ಸಿನ ಮುಂದೆ ಕೆಂಪು ಗಾಜಿನ ಫಿಲ್ಟರು ತಿರುಗಿಸಿ ಕೂರಿಸುತ್ತಿದ್ದರು. ಕೆಂಪು ಗಾಜು ಹಾಕಿದರೆ ನೀಲಿ ಆಕಾಶ ಕಪ್ಪಗಾಗುತ್ತದೆ, ಬಿಳಿ ಮೋಡ ಸಿಡಿದು ಬರುತ್ತದೆ. ಸ್ಪರ್ಧೆಯ ತೀರ್ಪುಗಾರರಿಗೆ ಅದು ಬಲು ಇಷ್ಟ. ಕೆಂಗೇರಿ ಕಡೆ ಹೊಸ ಲೇಔಟಿಗೆ ಜಲ್ಲಿ ಹೊರುತ್ತಿದ್ದ ಉತ್ತರ ಕರ್ನಾಟಕದ ಹೆಂಗಸರನ್ನು ಹೀಗೇ ನಿಲ್ಲಿಸಿ, ಇಡೀ ಕ್ಲಬ್ಬು ಸುತ್ತುಗಟ್ಟಿ, "ನಗಬೇಡಿ, ನಗಬೇಡಿ" ಎಂದು ಕೂಗುತ್ತಿತ್ತು.

"ನಕ್ರ ಏನಾಗ್ತೈತ್ರೀ?" ಎಂದು ಒಬ್ಬಳು ಬುಟ್ಟಿ ಹೊತ್ತುಕೊಂಡೇ ಕೇಳಿದಳು. ಅವಳು ನಕ್ಕ ಫೋಟೋ ಯಾರ ರೋಲಿನಲ್ಲೂ ಇರಲಿಲ್ಲ.

ಮತ್ತೆ ಅಲ್ಲಿ ನಿನಗೇನು ಕೆಲಸವಿತ್ತು ಎಂದು ಕೇಳಿದರೆ ನನಗಿದ್ದದ್ದು ಒಂದೇ ಆಸೆ. ಬಿಳಿ ಕಾಗದವನ್ನು ರಾಸಾಯನಿಕದ ಟ್ರೇಯಲ್ಲಿ ಮುಳುಗಿಸಿದಾಗ ಅದರ ಮೇಲೆ ಮುಖವೊಂದು ತಾನೇ ಮೂಡಿ ಬರುವುದನ್ನು ನೋಡಬೇಕು. ಅದಕ್ಕೆ ಬೇಕಾದ ಕತ್ತಲೆಕೋಣೆ, ಯಂತ್ರ, ಔಷಧಿ ಎಲ್ಲ ಇದ್ದದ್ದು ಗುರುಗಳ ಮನೆಯಲ್ಲಿ. ಆದ್ದರಿಂದ ಅವರ ಮಾತಿಗೆಲ್ಲ ತಲೆಯಾಡಿಸುತ್ತಿದ್ದೆ.

ಆ ವರ್ಷ ಕೆಂಗೇರಿ ಹತ್ತಿರದ ಉಲ್ಲಾಳದ ದೊಡ್ಡಮ್ಮ ಹೊಸ ಮನೆಯ ಗೃಹಪ್ರವೇಶ ಮಾಡಿದಳು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಊರಿನ ಹಳೇ ಬೇಸಾಯದ ಮನೆತನ. ಒಂದಿಷ್ಟು ಹೊಲ ಲೇಔಟಿಗೆ ಹೋಗಿ, ಉಳಿದದ್ದರಲ್ಲಿ ತಾರಸಿ ಮನೆ ಎದ್ದಿತ್ತು. ದೊಡ್ಡಪ್ಪ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ. ದಿನವೂ ಪೇಪರು ಓದಿ ಸರ್ಕಾರಕ್ಕೆ ಬೈದು, ಬೈದಿದ್ದಕ್ಕೆ ತಾನೇ ನಗುವ ಮನುಷ್ಯ.

"ನಡುಮನೆ ಗೋಡೆ ಬೋಳುಬೋಳಾಗೈತೆ ಕಣವ್ವ. ನಮ್ಮಿಬ್ರದ್ದೂ ಒಂದು ದೊಡ್ಡ ಫೋಟೋ ಹಾಕ್ಬೇಕು. ಅದೇನೋ ಕ್ಲಬ್ಬು ಅಂತೀಯಲ್ಲ, ಅವ್ರನ್ನೇ ಕರ್ಕಂಬಾ" ಎಂದು ದೊಡ್ಡಮ್ಮ ನನಗೆ ಹೇಳಿದಳು. ಗುರುಗಳಿಗೆ ತಿಳಿಸಿದೆ. ಹಳ್ಳಿ, ವಯಸ್ಸಾದ ಹೆಂಗಸು ಎಂದ ಕೂಡಲೇ ಅವರು ಕೋಟು ತೊಟ್ಟುಕೊಂಡರು.

ಆ ಭಾನುವಾರ ಅಮ್ಮನೂ ಬಂದಿದ್ದಳು. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅನುಕಂಪದ ಮೇಲೆ ಸಿಕ್ಕ ಗುಮಾಸ್ತೆಯ ಕೆಲಸದಲ್ಲಿ ಅಮ್ಮ ನನ್ನನ್ನು ಓದಿಸಿದ್ದಳು, ವಿಜಯನಗರದ ಬಾಡಿಗೆ ಮನೆಯನ್ನು ನಡೆಸಿದ್ದಳು. ಅಪ್ಪ ಹೋದ ದಿನ ಅವಳ ಹಣೆ ಒರೆಸಿದ್ದು ಇದೇ ದೊಡ್ಡಮ್ಮ, ಗೋಳೋ ಎಂದು ಅಳುತ್ತಲೇ ಒರೆಸಿದ್ದಳು. ಅಂದಿನಿಂದ ಅಮ್ಮ ಸಣ್ಣ ಕಪ್ಪು ಬೊಟ್ಟನ್ನೂ ಇಟ್ಟುಕೊಂಡಿಲ್ಲ. ಇಡು ಎಂದು ನಾನು ಜಗಳವಾಡಿದ್ದುಂಟು. "ಬಸ್ಸಿಗೆ ಹೊತ್ತಾಯ್ತು ಬಿಡೇ" ಎಂದು ಹೊರಟುಬಿಡುತ್ತಿದ್ದಳು.

ನಾವು ಹೋಗುವ ಹೊತ್ತಿಗೆ ದೊಡ್ಡಮ್ಮ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಕೂತಿದ್ದಳು. ರೇಷ್ಮೆ ಸೀರೆ, ಹರಳಿನ ಓಲೆ, ಮೂಗುತಿ, ಮುಡಿತುಂಬ ಮಲ್ಲಿಗೆ, ಹೊಸ ಕನ್ನಡಕ, ಹಣೆಯಲ್ಲಿ ಕಾಸಿನಗಲ ಕುಂಕುಮ. ದೊಡ್ಡಪ್ಪನೂ ಇಸ್ತ್ರಿ ಪಂಚೆಯಲ್ಲಿ ತಯಾರು. ಇಬ್ಬರನ್ನೂ ನೋಡಿ ಗುರುಗಳ ಮುಖ ಸಪ್ಪಗಾಯಿತು.

"ಹೀಗೆ ತೆಗೆದ್ರೆ ಸ್ಟುಡಿಯೋ ಫೋಟೋ ಆಗಿಬಿಡುತ್ತಮ್ಮ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ದೊಡ್ಡಮ್ಮನ ಕಡೆ ತಿರುಗಿ, "ತಾಯಿ, ಮನೇಲಿ ಉಡೋ ಹಳೇ ಸೀರೆ ಇದ್ಯಾ? ಫೋಟೋದಲ್ಲಿ ಹತ್ತಿ ಸೀರೆ ಚೆನ್ನಾಗಿ ಬರುತ್ತೆ" ಎಂದರು.

ಮೇಷ್ಟ್ರಂಥವರು ಹೇಳಿದ ಮೇಲೆ ಮುಗಿಯಿತಲ್ಲ. ದೊಡ್ಡಮ್ಮ ಒಳಗೆ ಹೋಗಿ ಮಾಸಿದ ಸೀರೆ ಉಟ್ಟು ಬಂದಳು. ಕನ್ನಡಕ ಹೊಳೆಯುತ್ತದೆ ಎಂದು ಅದನ್ನು ತೆಗೆಸಿದರು. ಹೂವು ಜಾಸ್ತಿಯಾಯಿತು ಎಂದು ಹೂವು. ಓಲೆ, ಮೂಗುತಿ ಬಿಸಿಲಿಗೆ ಮಿಂಚುತ್ತವೆ ಎಂದು ಓಲೆ, ಮೂಗುತಿ. ಅಮ್ಮ ಒಂದೊಂದನ್ನೇ ಈಸಿಕೊಂಡು ತನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಳು.

"ಕುಂಕುಮ ಮಾತ್ರ ತೆಗೆಯಾಕಿಲ್ಲ ಸ್ವಾಮಿ" ಎಂದಳು ದೊಡ್ಡಮ್ಮ, ಅರ್ಧ ತಮಾಷೆ, ಅರ್ಧ ಭಯ.

"ಅಯ್ಯೋ, ಬೇಡವೇ ಬೇಡ ತಾಯಿ. ಅದು ಇರ್ಲಿ" ಎಂದು ಗುರುಗಳು ನಕ್ಕರು. ಆ ನಗು ಆಗ ನನಗೆ ಅರ್ಥವಾಗಲಿಲ್ಲ.

ಎಲ್ಲರೂ ತಾರಸಿ ಹತ್ತಿದೆವು. ತಾರಸಿ ಕಾದು ಹೆಂಚಾಗಿತ್ತು. ಚಪ್ಪಲಿ ಬೇಡ ಎಂದು ಅದನ್ನೂ ಬಿಡಿಸಿದರು. ಕೋಟಿನ ಜೇಬಿನಿಂದ ಹರಳೆಣ್ಣೆಯ ಸಣ್ಣ ಬಾಟಲಿ ತೆಗೆದು ದೊಡ್ಡಮ್ಮನ ಮುಖಕ್ಕೆ ಸವರಿಸಿದರು. ಎಣ್ಣೆ ಹಚ್ಚಿದರೆ ಸುಕ್ಕು ಎದ್ದು ಕಾಣುತ್ತದೆ, ಅದು ಕ್ಲಬ್ಬಿನವರೆಲ್ಲರ ಹಳೇ ವಿದ್ಯೆ. ಕ್ಯಾಮೆರಾಗೆ ಬಿಸಿಲು ಬೀಳದ ಹಾಗೆ ಅಮ್ಮನ ಕೈಗೆ ಕೊಡೆ ಕೊಟ್ಟರು. ಅಮ್ಮ ಲೆನ್ಸಿಗೆ ನೆರಳು ಹಿಡಿದು ನಿಂತಳು. ಅವಳ ಅಕ್ಕ ಬರಿಗಾಲಲ್ಲಿ ಬಿಸಿಲಿಗೆ ನಿಂತಳು.

"ಸೂರ್ಯನ ಕಡೆ ನೋಡಿ ತಾಯಿ. ಇನ್ನೂ ಮೇಲೆ. ರೆಪ್ಪೆ ಬಡೀಬೇಡಿ."

ದೊಡ್ಡಮ್ಮ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಳು. ಅಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದು ಚೊಂಬಿನಲ್ಲಿ ನೀರು ತಂದು ಅಕ್ಕನ ಕಾಲಬುಡಕ್ಕೆ ಸುರಿದಳು. "ನೆಲ ಒದ್ದೆ ಮಾಡ್ಬೇಡಿ ಮೇಡಂ, ಟೋನ್ ಕೆಡುತ್ತೆ" ಎಂದು ಗುರುಗಳು ಸಿಡುಕಿದರು. ಅಷ್ಟು ಹೊತ್ತಿಗೆ ಝಳಕ್ಕೆ ದೊಡ್ಡಮ್ಮನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಎಣ್ಣೆಯ ಮೇಲೆ ಅದು ಗೆರೆಗೆರೆಯಾಗಿ ಇಳಿಯಿತು.

"ಆಹಾ! ಕಣ್ಣೀರು! ಹಾಗೇ ಇರಿ, ಒರೆಸ್ಕೋಬೇಡಿ!"

ಗುರುಗಳು ಒಂದರ ಮೇಲೊಂದು ಒತ್ತಿದರು. ನನಗೆ ಮೈ ಪರಚಿಕೊಳ್ಳುವಂತಾಯಿತು. "ಸಾಕು ಸಾರ್, ಕಾಲು ಸುಡ್ತಾ ಇದೆ ಅವರಿಗೆ" ಎಂದೆ. ಅವರಿಗೆ ಕೇಳಿಸಲಿಲ್ಲ. ದೊಡ್ಡಪ್ಪ ಮೂಲೆಯಲ್ಲಿ ನಿಂತು, "ನನ್ದೂ ಒಂದು ತೆಗೀರಿ ಸ್ವಾಮಿ, ನಾನೂ ಬಿಸಿಲು ತಡೀತೀನಿ" ಎಂದು ನಗಾಡುತ್ತಿದ್ದ. ರೋಲು ಮುಗಿಯುವ ಹೊತ್ತಿಗೆ, ಕಾಟಾಚಾರಕ್ಕೆ ಎಂಬಂತೆ, ಗಂಡಹೆಂಡಿರಿಬ್ಬರನ್ನೂ ನಿಲ್ಲಿಸಿ ಕೊನೆಯ ಒಂದು ಫೋಟೋ ತೆಗೆದರು. ಅವರು ನಮ್ಮನ್ನು ಕರೆಸಿದ್ದು ಅದೊಂದಕ್ಕೆ.

ಗುರುಗಳ ಕತ್ತಲೆಕೋಣೆ ಎಂದರೆ ಅವರ ಮನೆಯ ಬಚ್ಚಲು. ಸೋಪಿನ ಡಬ್ಬಿಯ ಪಕ್ಕದಲ್ಲೇ ಔಷಧಿಯ ಬಾಟಲಿಗಳು, ಬಿಸಿನೀರಿನ ಹಂಡೆಯ ಮೇಲೆ ಟ್ರೇ, ಮೂಗಿಗೆ ಅಡರುವ ಹುಳಿ ವಾಸನೆ. ಕೆಂಪು ಬಲ್ಬಿನಡಿಯಲ್ಲಿ ಕಾಗದ ಅಲ್ಲಾಡಿಸುತ್ತಾ ನಿಂತಿದ್ದೆವು. ಮೊದಲು ಆಕಾಶ ಮೂಡಿತು, ಇದ್ದಿಲಿನಷ್ಟು ಕಪ್ಪಾಗಿ. ಆಮೇಲೆ ಕೂದಲು, ಕಣ್ಣ ಗುಳಿ, ಕೆನ್ನೆಯ ಮೇಲಿನ ನೀರಿನ ಗೆರೆ. ದೊಡ್ಡಮ್ಮ ಎಂದೂ ಇಲ್ಲದಷ್ಟು ಬೆಳ್ಳಗೆ ಬಂದಿದ್ದಳು. ನಾನು ಕಾಗದ ಅಲ್ಲಾಡಿಸುತ್ತಲೇ ಇದ್ದೆ. ಹಣೆ ಹಣೆಯಾಗಿಯೇ ಉಳಿಯಿತು.

"ಸಾರ್, ಕುಂಕುಮ ಬಂದಿಲ್ಲ."

"ಎಲ್ಲಿಂದ ಬರುತ್ತಮ್ಮ? ಕೆಂಪು ಫಿಲ್ಟರು ಕೆಂಪನ್ನ ತಿಂದುಹಾಕುತ್ತೆ. ಆಕಾಶ ಕಪ್ಪಾಗುತ್ತೆ, ಕೆಂಪು ಬೆಳ್ಳಗಾಗುತ್ತೆ. ಇಷ್ಟು ದಿನ ಏನು ಕಲ್ತೆ?"

ಆಗ ನನಗೆ ಆ ನಗುವಿನ ಅರ್ಥವಾಯಿತು. ಕುಂಕುಮ ಅಳಿಸಿ ಎಂದು ಮುತ್ತೈದೆಗೆ ಹೇಳುವ ಧೈರ್ಯ ಅವರಿಗಿರಲಿಲ್ಲ, ಅದಕ್ಕೇ ಗಾಜಿನ ಕೈಲಿ ಅಳಿಸಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಪ್ರಿಂಟಿನ ಮೇಲೆ ಧೂಳಿನ ಚುಕ್ಕೆ ಮುಚ್ಚೋಕೆ ಮಸಿ ಹಚ್ತೀರಲ್ಲ ಸಾರ್, ಅದರಲ್ಲೇ ಒಂದು ಬೊಟ್ಟು ಇಡಿ."

"ಛೆ! ಪ್ರಿಂಟಿಗೆ ಬೊಟ್ಟಿಡೋದು ಸ್ಟುಡಿಯೋದವರ ಕೆಲ್ಸ. ನಾವು ಇದ್ದದ್ದನ್ನ ಇದ್ದ ಹಾಗೆ ತೋರಿಸೋರು."

ಸೀರೆ ಬದಲಿಸಿ, ಓಲೆ ಬಿಚ್ಚಿಸಿ, ಎಣ್ಣೆ ಸವರಿಸಿ, ಬಿಸಿಲಿಗೆ ನಿಲ್ಲಿಸಿ ಅಳಿಸಿದ ಮನುಷ್ಯನ ಮಾತಿದು. ಇದನ್ನು ಎಲ್ಲೂ ಸ್ಪರ್ಧೆಗೆ ಕಳಿಸಬಾರದು ಎಂದು ಹಟ ಹಿಡಿದೆ. "ಆಯ್ತು ಬಿಡಮ್ಮ, ಕಳ್ಸಲ್ಲ" ಎಂದರು. ಗಂಡಹೆಂಡಿರ ಫೋಟೋದಲ್ಲೂ ಹಣೆ ಖಾಲಿಯೇ ಇತ್ತು. ಅದಕ್ಕೆ ನಾನೇ ಸಣ್ಣ ಕುಂಚದಲ್ಲಿ ಕಪ್ಪು ಮಸಿಯಿಂದ ಬೊಟ್ಟಿಟ್ಟು, ಕಟ್ಟು ಹಾಕಿಸಿ ಉಲ್ಲಾಳಕ್ಕೆ ಕೊಟ್ಟು ಬಂದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಎಷ್ಟು ಬೆಳ್ಳಗೆ ಬಂದಿವ್ನಿ! ಬೊಟ್ಟು ಮಾತ್ರ ಒಸಿ ಓರೆಯಾಗೈತೆ" ಎಂದು ಹಿಗ್ಗಿದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅವಳದೇ ಫೋನು. "ನಿಮ್ಮ ಮೇಷ್ಟ್ರು ಫೋನ್ ಮಾಡಿದ್ರು ಕಣವ್ವ! ನನ್ನ ಫೋಟೋಗೆ ಮೊದಲ್ನೇ ಬಹುಮಾನವಂತೆ. ನಂಗೆ ಶಾಲು ಹೊದಿಸಿ ಹಣ್ಣು ಕೊಡ್ತಾರಂತೆ. ಊರಿಗೆಲ್ಲ ಹೇಳ್ಬುಟ್ಟಿವ್ನಿ."

ಗುರುಗಳಿಗೆ ಫೋನ್ ಮಾಡಿ ಯಾವ ಫೋಟೋ ಎಂದು ಕೇಳಿದೆ. "ಬಂದು ನೋಡಮ್ಮ, ನಿಂಗೂ ಹೆಮ್ಮೆ ಆಗುತ್ತೆ" ಎಂದರು. ಕೊಟ್ಟ ಮಾತನ್ನು ನೆನಪಿಸಿದೆ. "ಒಳ್ಳೇ ಫೋಟೋನ ಬಚ್ಚಿಡೋಕೆ ಆಗುತ್ತಾ?" ಎಂದು ಫೋನಿಟ್ಟರು. ದೊಡ್ಡಮ್ಮನನ್ನು ಹೋಗಬೇಡ ಎಂದೆ. ಕಾರಣ ಕೇಳಿದಳು. ಫೋಟೋ ಚೆನ್ನಾಗಿಲ್ಲ ಎಂದೆ. "ಬಹುಮಾನ ಬಂದಿರೋದು ಚೆನ್ನಾಗಿಲ್ದೆ ಇರ್ತದಾ?" ಎಂದು ಅವಳು ನನ್ನನ್ನೇ ಗದರಿದಳು.

ಪ್ರದರ್ಶನ ರಾಜಾಜಿನಗರದ ಒಂದು ಸಭಾಂಗಣದಲ್ಲಿ. ಬಾಗಿಲಲ್ಲಿ ದೀಪ, ಪಕ್ಕದ ತಟ್ಟೆಯಲ್ಲಿ ಅರಿಶಿನ ಕುಂಕುಮ. ದೊಡ್ಡಮ್ಮ ಈ ಸಲ ಯಾರ ಮಾತೂ ಕೇಳದೆ ರೇಷ್ಮೆ, ಓಲೆ, ಮಲ್ಲಿಗೆ ಎಲ್ಲ ಹೇರಿಕೊಂಡು ಬಂದಿದ್ದಳು. ದೊಡ್ಡಪ್ಪ ಮುಂದೆ ಮುಂದೆ. ಅಮ್ಮ ಆಫೀಸಿನಿಂದ ನೇರ ಬಂದವಳು, ಅಕ್ಕನ ಚೀಲ ಹಿಡಿದು ಹಿಂದೆ. ಸಾಲಾಗಿ ನೇತುಹಾಕಿದ್ದ ಸುಕ್ಕುಗಳನ್ನು ದಾಟಿ ನಾವು ಕೊನೆಯ ಗೋಡೆಗೆ ಬಂದೆವು.

ಬಾಗಿಲಿನಷ್ಟು ದೊಡ್ಡ ಫೋಟೋ. ಕಪ್ಪು ಆಕಾಶದ ಮುಂದೆ ಅಳುತ್ತಿರುವ ಬೋಳು ಹಣೆಯ ದೊಡ್ಡಮ್ಮ. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಮೂರನೇ ಕ್ಲಾಸು ಓದಿದ ದೊಡ್ಡಮ್ಮ ಬೆರಳಿಟ್ಟು ಓದಿದಳು: "ವೈ... ಧ... ವ್ಯ. ಅಂಗಂದ್ರೆ ಏನವ್ವ?"

ದೊಡ್ಡಪ್ಪನೇ ಹೇಳಿದ. "ಗಂಡ ಸತ್ತೋಳು ಅಂತ ಬರ್ದವ್ರೆ ಕಣೇ! ಅಲ್ರೀ ಸ್ವಾಮಿ, ನಾನಿನ್ನೂ ಇಲ್ಲೇ ನಿಂತಿವ್ನಲ್ಲ!" ಎಂದು ದೊಡ್ಡದಾಗಿ ನಕ್ಕ. ಸುತ್ತಲಿದ್ದವರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ತನ್ನ ಹಣೆ ಮುಟ್ಟಿ ನೋಡಿಕೊಂಡಳು, ಆಮೇಲೆ ಫೋಟೋದ ಹಣೆ ಮುಟ್ಟಿದಳು.

"ನನ್ನ ಕುಂಕುಮ ಎಲ್ಲಿ?"

ಗುರುಗಳು ಕೈಮುಗಿದುಕೊಂಡೇ ಬಂದರು. "ತಾಯಿ, ಇದು ನೀವಲ್ಲ. ಇದೊಂದು ಭಾವ. ಜ್ಯೂರಿಯವರು ಇದನ್ನ ನೋಡಿ ಕಣ್ಣೀರು ಹಾಕಿದ್ರು."

"ಇದು ನಾನಲ್ಲ ಅಂದ್ರೆ ಶಾಲು ನಂಗ್ಯಾಕೆ?" ಎಂದಳು ದೊಡ್ಡಮ್ಮ. ಗುರುಗಳು ಏನೋ ವಿವರಿಸಲು ಹೊರಟರು. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ದಡದಡ ಬಾಗಿಲಿಗೆ ನಡೆದು, ದೀಪದ ಪಕ್ಕದ ತಟ್ಟೆಯನ್ನೇ ಎತ್ತಿಕೊಂಡು ಬಂದು, ಬೆರಳು ಅದ್ದಿ ಫೋಟೋದ ಗಾಜಿನ ಮೇಲೆ ಕೈಯೆತ್ತಿದಳು. ದೊಡ್ಡಪ್ಪನ ನಗು ನಿಂತುಹೋಯಿತು. ದೇವರ ಪಟ ಬಿಟ್ಟರೆ ನಮ್ಮಲ್ಲಿ ಗಾಜಿನ ಮೇಲೆ ಕುಂಕುಮ ಇಡುವುದು ಸತ್ತವರ ಫೋಟೋಗೆ ಮಾತ್ರ.

"ಲೇ, ಲೇ, ಬೇಡ! ಬದುಕಿರೋರ ಫೋಟೋಗೆ ಇಡ್ಬಾರ್ದು ಕಣೇ, ಅಪಶಕುನ!"

"ಸುಮ್ಕಿರಿ ನೀವು" ಎಂದು ದೊಡ್ಡಮ್ಮ ಕಿರುಚಿದಳು. "ಮುಂಡೆ ಅನ್ನಿಸ್ಕಂಡು ಗೋಡೇಲಿ ನಿಂತಿರೋದಕ್ಕಿಂತ ಮುತ್ತೈದೆಯಾಗಿ ಸತ್ತೋಳು ಅಂದ್ಕಂಡ್ರೂ ವಾಸಿ!"

ಕುಂಕುಮವನ್ನು ಒತ್ತಿ ಒತ್ತಿ ಇಟ್ಟಳು. ಕಪ್ಪು ಬಿಳುಪಿನ ಆ ಗೋಡೆಯಲ್ಲಿ ಅದೊಂದೇ ಬಣ್ಣ. ಗುರುಗಳ ಕಣ್ಣು ಹೊಳೆಯಿತು. ಇದಕ್ಕಿಂತ ಒಳ್ಳೇ ಫೋಟೋ ಎಲ್ಲಿ ಸಿಗಬೇಕು? ಕ್ಯಾಮೆರಾ ಕಣ್ಣಿಗೇರಿಸಿಕೊಂಡರು. ಥೂ ಎಂದು ಅವರ ಮುಖಕ್ಕೆ ಉಗಿಯಬೇಕು ಎನ್ನಿಸಿತು.

"ನಾನಿಲ್ಲೇ ಇದೀನಿ ಅಕ್ಕ" ಎಂದಳು ಅಮ್ಮ.

ದೊಡ್ಡಮ್ಮ ತಿರುಗಿ ನೋಡಿದಳು. "ಅಯ್ಯೋ, ನಿನ್ನನ್ನ ಅಂದಿದ್ದಲ್ಲ ಕಣೇ."

"ಇನ್ಯಾರನ್ನ ಅಂದೆ?"

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಕೌಂಟರಿನಲ್ಲಿ ಕೂತು ನಿಮ್ಮ ಹೆಸರೇನು ಎಂದು ಕೇಳುವ ದನಿ. ಅಷ್ಟು ಹೊತ್ತೂ ಗುರುಗಳ ಮೇಲೆ ಮಾತ್ರ ಇದ್ದ ನನ್ನ ಹೇಸಿಗೆ ನಮ್ಮ ಮನೆಯ ತನಕ ಬಂದು, ಆ ತಟ್ಟೆ, ಆ ಕುಂಕುಮ, ನನ್ನ ಕುಂಚದ ಓರೆ ಬೊಟ್ಟು, ಎಲ್ಲದರ ಮೇಲೂ ಕೂತಿತು.

ಅಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು ಗುರುಗಳ ಮುಂದೆ ಬಂದು ನಿಂತಳು.

"ಸಾರ್, ಆ ಹೆಸರಿನ ಫೋಟೋ ನಿಮಗೆ ಬೇಕಿತ್ತಲ್ಲ. ನನ್ನನ್ನ ತೆಗೀರಿ. ಏನೂ ಬಿಚ್ಚಿಸಬೇಕಾಗಿಲ್ಲ, ಆ ಕೆಂಪು ಗಾಜೂ ಬೇಡ."

ಗುರುಗಳು ಅಮ್ಮನನ್ನು ಅಂದೇ ಮೊದಲ ಸಲ ಕಣ್ಣಿಟ್ಟು ನೋಡಿದರು. ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ, ಜೇಬಿಗೆ ಸಿಕ್ಕಿಸುವ ಪೆನ್ನನ್ನು ಸೆರಗಿನ ಪಿನ್ನಿನ ಪಕ್ಕ ಸಿಕ್ಕಿಸಿಕೊಂಡವಳು. ಅವರು ಕಣ್ಣು ಕಿರಿದು ಮಾಡಿ ಅಡಿಯಿಂದ ಮುಡಿಯವರೆಗೆ ಅಳೆದರು. ಆಮೇಲೆ ಸಪ್ಪೆ ಮುಖ ಮಾಡಿ ಕ್ಯಾಮೆರಾ ಇಳಿಸಿ, ಲೆನ್ಸಿಗೆ ಮುಚ್ಚಳ ಹಾಕಿಕೊಂಡರು.